ಎಪ್ಪತ್ತು ದಿನ ಮೊದಲು ಬಂದವಳು

ನಮ್ಮ ಊರಿನ ಹಳೆಯ ಕಲ್ಲುಖಣಿಯ ಅಂಚಿನಲ್ಲಿ ನಿಂತು ಯಾರದಾದರೂ ಹೆಸರು ಹಿಡಿದು ಕೂಗಿದರೆ ಒಳಗಿನಿಂದ ‘ಓ’ ಎಂದು ಕೇಳುತ್ತದೆ. ಅದು ಪ್ರತಿಧ್ವನಿಯಲ್ಲ, ಕೂಗಿದ ಹೆಸರು ಹಿಂದಿರುಗಿ ಬರುವುದಿಲ್ಲ. ಹೆಸರಿನವರು ಎಲ್ಲೇ ಇರಲಿ, ಅವರ ಪರವಾಗಿ ಖಣಿ ಓಗೊಡುತ್ತದೆ, ಅಷ್ಟೇ. ಸಂತೆಗೆ ಹೋದ ಗಂಡ ಹೊತ್ತಾದರೂ ಬರದಿದ್ದರೆ ಹೆಂಗಸರು ಖಣಿಗೆ ಹೋಗಿ ಒಂದು ಸಲ ಕೂಗಿ, ಓ ಅನ್ನಿಸಿಕೊಂಡು, ಅವನನ್ನು ಬೈದುಕೊಳ್ಳುತ್ತ ಮನೆಗೆ ಬಂದು ರೊಟ್ಟಿ ಬಡಿಯಲು ಕೂರುತ್ತಾರೆ. ಸತ್ತವರ ಹೆಸರಿಗೆ ಅದು ಓಗೊಡುವುದಿಲ್ಲ. ಆಗಷ್ಟೇ ಹುಟ್ಟಿದ ಕೂಸಿನ ಹೆಸರಿಗೂ ಇಲ್ಲ. ಕೂಸು ಎದುರಿನ ಮುಖ ನೋಡಿ ನಗುವಷ್ಟು ದೊಡ್ಡದಾಗಬೇಕು. ಹಾಗಾಗಿ ನಮ್ಮಲ್ಲಿ ಹುಟ್ಟಿದ ನೂರನೆಯ ದಿನ ಕೂಸನ್ನು ಖಣಿಗೆ ಒಯ್ಯುತ್ತಾರೆ. ಕೇಳುಗಾರ ಅನ್ನುವವನೊಬ್ಬ ಇರುತ್ತಾನೆ. ಅವನು ಹೆಸರು ಕೂಗುತ್ತಾನೆ, ಖಣಿ ಓ ಅನ್ನುತ್ತದೆ, ಅವನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಎಲ್ಲರೂ ಚುರುಮುರಿ ತಿಂದು ಮನೆಗೆ ಬರುತ್ತಾರೆ. ಅಲ್ಲಿಯವರೆಗೆ ಹೆತ್ತವರನ್ನು ಬಿಟ್ಟು ಯಾರೂ ಕೂಸನ್ನು ಹೆಸರು ಹಿಡಿದು ಕರೆಯುವುದಿಲ್ಲ. ಖಣಿ ಸುಮ್ಮನಿದ್ದರೆ ಏಳು ದಿನ ಬಿಟ್ಟು ಮತ್ತೊಂದು ಸಲ, ಮತ್ತೇಳು ದಿನ ಬಿಟ್ಟು ಕೊನೆಯ ಸಲ. ಮೂರು ಸಲವೂ ಓಗೊಡದಿದ್ದರೆ ಪುಸ್ತಕದಲ್ಲಿ ಆ ಸಾಲು ಖಾಲಿ. ಕೂಸು ಎಷ್ಟು ದೊಡ್ಡದಾದರೂ ಊರಿನ ಬಾಯಲ್ಲಿ ಕೂಸೇ.

ನಾನು ನೀಲಾಂಬಿಕಾ, ಊರಿನವರಿಗೆ ನೀಲವ್ವ. ಬಸ್ ನಿಲ್ದಾಣದ ಚಿಕ್ಕ ಕೋಣೆಯಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕರೆಯುವ ಕೆಲಸ ನನ್ನದು. ನನ್ನ ದನಿ ಊರಿನ ಎಲ್ಲ ಕಿವಿಗಳಿಗೂ ಪರಿಚಿತ, ಮುಖ ಗೊತ್ತಿರುವವರು ಕಡಿಮೆ. ಗಂಡ ಚನ್ನವೀರ ಹಿಟ್ಟಿನ ಗಿರಣಿ ನಡೆಸುತ್ತಾನೆ. ಮನೆಯ ಮುಂಭಾಗದಲ್ಲೇ ಗಿರಣಿ; ಬೆಲ್ಟು ತಿರುಗತೊಡಗಿದರೆ ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ. ಹೀಗಾಗಿ ನಮ್ಮ ಮನೆಯಲ್ಲಿ ಮಾತಾಡುವುದೆಂದರೆ ಕೂಗುವುದೇ. ಅತ್ತೆ ಶಂಕ್ರವ್ವ ಮೂವತ್ತು ವರ್ಷ ಗಿರಣಿಯ ಪಕ್ಕ ಬಾಳಿ ಅರ್ಧ ಕಿವುಡಿ.

ನಾನು ಬಸುರಿ, ಏಳು ತಿಂಗಳು ತುಂಬಿತ್ತು. ಹನ್ನೊಂದೂವರೆಯ ಬಸ್ಸು ಕರೆಯುತ್ತಿದ್ದಾಗ ಕುರ್ಚಿಯಲ್ಲೇ ನೀರು ಒಡೆಯಿತು. ದವಾಖಾನೆಯವರು ಹೇಳಿದ ದಿನಕ್ಕೆ ಇನ್ನೂ ಎಪ್ಪತ್ತು ದಿನ ಬಾಕಿ ಇತ್ತು. ಮಗಳು ಹುಟ್ಟಿದಾಗ ಒಂದೂಕಾಲು ಕಿಲೋ. ಅತ್ತಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ನಾನು ಕಣ್ಣು ತೆರೆಯುವಷ್ಟರಲ್ಲಿ ಅವಳನ್ನು ದವಾಖಾನೆಯ ಒಳಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮೂಗಿಗೆ ನಳಿಕೆ, ಬಾಯಿಗೆ ನಳಿಕೆ, ಪಾದಕ್ಕೆ ಸುತ್ತಿದ ತಂತಿ. ಅವಳ ಅಂಗೈ ನನ್ನ ಹೆಬ್ಬೆಟ್ಟಿನ ಉಗುರಿನಷ್ಟು. ಗಂಡನ ಅಜ್ಜಿಯ ಹೆಸರನ್ನು ನಾವು ಮೊದಲೇ ಆರಿಸಿಟ್ಟಿದ್ದೆವು: ತುಂಗಾ. ಗಾಜಿನ ಆಚೆಯಿಂದ ಆ ಹೆಸರು ಅವಳಿಗಿಂತ ದೊಡ್ಡದಾಗಿ ಕಂಡಿತು.

ಅಲ್ಲಿ ಐವತ್ತೆಂಟು ದಿನ ಇದ್ದಳು. ಒಳಕೋಣೆಯ ಹಿರಿಯ ನರ್ಸು ಹಫೀಜಾ ಸಿಸ್ಟರ್, ಐವತ್ತು ದಾಟಿದವರು, ಮಾತು ಕಡಿಮೆ. ಮೂರನೆಯ ವಾರ ಅವರೇ ಕೂಸನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಬರಿಯ ಎದೆಯ ಮೇಲೆ ಇಟ್ಟು, ಮೇಲೆ ಸೀರೆ ಹೊದಿಸಿದರು. ನಾನು ಸಂಕಟ ತಡೆಯಲಾರದೆ “ತುಂಗಾ, ನನ್ನ ಬಂಗಾರಾ” ಎಂದೆ, ನನ್ನ ಮಾಮೂಲಿ ದನಿಯಲ್ಲಿ. ಕೂಸಿನ ಕೈಕಾಲು ಗಾಳಿಯಲ್ಲಿ ಚೆಲ್ಲಿದವು, ಮೈ ಬೂದಿಬಣ್ಣಕ್ಕೆ ತಿರುಗಿತು, ಪಕ್ಕದ ಯಂತ್ರ ಕಿರುಚಿಕೊಂಡಿತು.

“ಸುಮ್ಮಕಿರು,” ಎಂದರು ಸಿಸ್ಟರ್. “ಮಾತಾಡಬ್ಯಾಡ, ಸವರಬ್ಯಾಡ. ಬರೇ ಉಸಿರಾಡು. ಆಕಿಗೆ ಒಂದ ಸಲಕ್ಕ ಒಂದ ಸಾಕು.”

ಅಲ್ಲಿ ಅವಳನ್ನು ಮುಟ್ಟಿದ ಕೈಗಳಲ್ಲಿ ಹೆಚ್ಚಿನವು ಸೂಜಿ ಹಿಡಿದು ಬಂದವು, ಪಟ್ಟಿ ಕೀಳಲು ಬಂದವು. ಅವಳ ಮೇಲೆ ಬಾಗಿದ ಮುಖಗಳ ಹಿಂದೆಯೇ ನೋವು ಬರುತ್ತಿತ್ತು. ಜೀವ ಉಳಿಸಿದ ಕೈಗಳೇ ಅವು, ನಾನು ಅವಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಅದು ಅವಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಮನೆಗೆ ಬಂದಾಗ ಎರಡು ಕಿಲೋ ದಾಟಿದ್ದಳು. ಅತ್ತೆ ಆರತಿ ಎತ್ತಿ, ಕೆನ್ನೆಗೆ ಕೆನ್ನೆ ಹಚ್ಚಿ, “ಬಾರವಾ ನಮ್ಮವ್ವಾ” ಎಂದು ಕೂಗಿದರು. ಕೂಸು ಬಿಕ್ಕಳಿಸತೊಡಗಿತು. ಗಿರಣಿ ಶುರುವಾದರೆ ಬೆಚ್ಚುತ್ತಿತ್ತು, ನಿಂತರೂ ಬೆಚ್ಚುತ್ತಿತ್ತು. ಹಾಲು ಕುಡಿಯುವಾಗ ನಾನು ಮುಖ ನೋಡಿದರೆ ಕುಡಿಯುವುದನ್ನೇ ಬಿಟ್ಟು ಗೋಡೆಯ ಕಡೆ ಹೊರಳುತ್ತಿತ್ತು. ಎತ್ತಿಕೊಂಡವರು ಯಾರಾದರೂ ಸರಿ, ಇಳಿಸಿದವರು ಯಾರಾದರೂ ಸರಿ, ಅವಳಿಗೆ ವ್ಯತ್ಯಾಸವೇ ಇರಲಿಲ್ಲ. ಅವಳು ಹುಟ್ಟಿದ ವಾರವೇ ಪಕ್ಕದ ಮನೆಯಲ್ಲಿ ಹುಟ್ಟಿದ ಹುಡುಗ ತೊಟ್ಟಿಲಲ್ಲಿ ಕೇಕೆ ಹಾಕುತ್ತಿದ್ದ. ನನ್ನ ಮಗಳು ಗೋಡೆ ನೋಡುತ್ತಿದ್ದಳು.

ನೂರನೆಯ ದಿನ ಬಂತು. ಕೇಳುಗಾರ ಪಾರಿಸಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪುಸ್ತಕ ಹಿಡಿದು ಖಣಿಯ ಅಂಚಿನಲ್ಲಿ ಕಾಯುತ್ತಿದ್ದರು. ಓಣಿಯ ಮೂವತ್ತು ನಲವತ್ತು ಜನ ಬಂದಿದ್ದರು. ಪಾರಿಸಪ್ಪ ಗಂಟಲು ಸರಿಮಾಡಿಕೊಂಡು “ತುಂಗಾ!” ಎಂದು ಕೂಗಿದರು. ತಳದ ನೀರಿನಲ್ಲಿ ಎಮ್ಮೆಯೊಂದು ಕಿವಿ ಬಡಿಯಿತು. ಮತ್ತೆ ಕೂಗಿದರು, ಮತ್ತೊಮ್ಮೆ ಕೂಗಿದರು. ಖಣಿ ಸುಮ್ಮನಿತ್ತು. ಕೂಸು ನನ್ನ ತೋಳಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತ್ತು. ಜನ ಚುರುಮುರಿಯ ಪೊಟ್ಟಣಗಳನ್ನು ಬಿಚ್ಚದೆ ಕೈಯಲ್ಲೇ ಹಿಡಿದುಕೊಂಡು ಮನೆಗೆ ಹೋದರು.

ಖಣಿ ಸುಮ್ಮನಿದ್ದ ಕೂಸಿಗೆ ನಮ್ಮಲ್ಲಿ ಒಂದು ಉಪಾಯ ಇದೆ. ಅದನ್ನು ಮುಖ ತೋರಿಸುವುದು ಅನ್ನುತ್ತಾರೆ. ಓಣಿಯವರೆಲ್ಲ ಸಾಲಾಗಿ ಬಂದು ಕೂಸಿನ ಮುಖದ ಮುಂದೆ ಮುಖ ಹಿಡಿದು, ಚಪ್ಪಾಳೆ ತಟ್ಟಿ, ನಾಲಿಗೆಯಲ್ಲಿ ಟಕಟಕ ಮಾಡಿ, ನಗಿಸಿ ಹೋಗಬೇಕು. ಮರುದಿನ ಬೆಳಿಗ್ಗೆಯೇ ಅತ್ತೆ ಎಲ್ಲರಿಗೂ ಹೇಳಿಕಳಿಸಿದ್ದರು. ಕೆಟ್ಟ ಮನಸ್ಸಿನಿಂದ ಯಾರೂ ಬಂದವರಲ್ಲ. ಒಬ್ಬಾಕೆ ಬೆಳ್ಳಿಯ ಗಿಲಿಗಿಲಿ ತಂದಿದ್ದಳು, ಇನ್ನೊಬ್ಬಾತ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಆರು ಮುಖ ಆಗುವಷ್ಟರಲ್ಲಿ ಕೂಸು ಬೆರಳುಗಳನ್ನು ಬೀಸಣಿಗೆಯಂತೆ ಬಿಡಿಸಿ ಚಾಚಿತು. ಒಂಬತ್ತನೆಯದಕ್ಕೆ ಆಕಳಿಸಿತು. ಎಲ್ಲರೂ ನಕ್ಕರು, ನಿದ್ದೆ ಬಂತು ಎಂದರು. ಹನ್ನೆರಡನೆಯವರು ಚಪ್ಪಾಳೆ ತಟ್ಟಿದಾಗ ಕುಡಿದ ಹಾಲೆಲ್ಲ ವಾಂತಿ ಮಾಡಿ, ತುಟಿಯ ಸುತ್ತ ನೀಲಿಯಾಗಿ, ಒದ್ದೆ ಬಟ್ಟೆಯಂತೆ ನನ್ನ ತೋಳಿನ ಮೇಲೆ ಜೋತುಬಿತ್ತು.

ಆ ಬಣ್ಣವನ್ನು ನಾನು ಒಳಕೋಣೆಯಲ್ಲಿ ನೋಡಿದ್ದೆ. ಎದ್ದು ನಿಂತು, “ಎಲ್ಲಾರೂ ಹೊರಗ ನಡೀರಿ,” ಎಂದೆ. ಕೂಗಲಿಲ್ಲ. ಅದಕ್ಕೇ ಇರಬೇಕು, ಎಲ್ಲರೂ ಹೊರಟರು. ಬಾಗಿಲು ಹಾಕಿ, ಕುಪ್ಪಸ ಬಿಚ್ಚಿ, ಕೂಸನ್ನು ಎದೆಗೆ ಹಚ್ಚಿಕೊಂಡು ಗೋಡೆಗೆ ಒರಗಿದೆ. ಅರ್ಧ ಗಂಟೆಯ ಮೇಲೆ ಅವಳ ಬಣ್ಣ ತಿರುಗಿತು. ಹೊರಗೆ ಅತ್ತೆ ಯಾರಿಗೋ “ಇನ್ನ ಎರಡ ಸಲ ಐತ್ಯಲ್ಲ” ಎಂದು ಹೇಳುತ್ತಿದ್ದರು.

ಮರುದಿನ ಕೂಸನ್ನು ಹೊದಿಸಿಕೊಂಡು ದವಾಖಾನೆಗೆ ಹೋದೆ. ಹಫೀಜಾ ಸಿಸ್ಟರ್ ಡಾಕ್ಟರಿಗೆ ತೋರಿಸಿದರು; ಎದೆ, ಕಣ್ಣು, ಕಿವಿ ಎಲ್ಲ ನೋಡಿ ಕೊರತೆಯಿಲ್ಲ ಎಂದರು. ಆಮೇಲೆ ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನಡೆದದ್ದನ್ನೆಲ್ಲ ಕೇಳಿದರು.

“ಬೆರಳ ಚಾಚಿದ್ಲು, ಆಕಳಿಸಿದ್ಲು, ಬಿಕ್ಕಳಿಸಿದ್ಲು. ಅದು ನಿದ್ದಿ ಅಲ್ಲ ನೀಲವ್ವಾ. ‘ಸಾಕು, ನಿಲ್ಲಸ್ರಿ’ ಅಂತ ಹೇಳ್ಯಾಳ. ಆಕಿ ನಿಮ್ಮ ಜೋಡಿ ಮಾತಾಡಾಕತ್ತಾಳ, ನೀವು ಕೇಳವಲ್ರಿ.”

“ನೂರ ದಿನ ಆತಲ್ರಿ ಸಿಸ್ಟರ್. ಬಾಜೂ ಮನಿ ಹುಡುಗ ನಗತಾನ.”

“ಯಾವತ್ತ ಹುಟ್ಟಬೇಕಾಗಿತ್ತು ಈಕಿ?”

ಬೆರಳು ಮಡಚಿ ಎಣಿಸಿದೆ. ಆ ದಿನ ಬಂದು ಹೋಗಿ ಬರೀ ಮೂವತ್ತೆರಡು ದಿನವಾಗಿತ್ತು.

“ಹಂಗಾದ್ರ ಈಕಿ ಒಂದ ತಿಂಗಳ ಕೂಸು,” ಎಂದರು. “ನಗಾಕ ಇನ್ನೂ ಮೂರ ವಾರರ ಬೇಕು, ಹೆಚ್ಚೂ ಬೇಕಾಗಬಹುದು. ಒಂದ ತಿಂಗಳ ಕೂಸನ್ನ ಒಯ್ದು ಕೂಗಿದ್ರ ಯಾವ ಖಣಿ ಓ ಅಂತೈತಿ?”

ಅಲ್ಲಿಂದ ನೇರವಾಗಿ ಪಾರಿಸಪ್ಪನವರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದರು. ಎರಡನೆಯ ಸಲಕ್ಕೂ ಮೂರನೆಯ ಸಲಕ್ಕೂ ಬರುವುದಿಲ್ಲ, ಅವಳ ನೂರು ದಿನವನ್ನು ಅವಳು ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು ಎಂದೆ. ಪಾರಿಸಪ್ಪ ತಟ್ಟೆ ಕೆಳಗಿಟ್ಟರು.

“ಹುಟ್ಟಿದ ದಿನ ಅಂದ್ರ ಹುಟ್ಟಿದ ದಿನ ತಂಗಿ. ನಮ್ಮಪ್ಪನೂ ಹಂಗ ಎಣಿಸ್ಯಾನ, ಅವರಪ್ಪನೂ ಹಂಗ ಎಣಿಸ್ಯಾನ.”

“ನಿಮ್ಮಪ್ಪಾರ ಕಾಲಕ್ಕ ಎಪ್ಪತ್ತ ದಿನ ಮೊದಲ ಬಂದ ಕೂಸು ಉಳೀತಿರಲಿಲ್ರಿ ಕಾಕಾರ. ಹಿಂಗಾಗಿ ಎಣಿಸೂ ಪ್ರಸಂಗ ಅವರಿಗೆ ಬರಲಿಲ್ಲ.”

“ಖಣಿ ಮುಂದ ಇದನ್ನೆಲ್ಲಾ ಹೇಳಾಕ ಬರೂದಿಲ್ಲ.”

“ಖಣಿ ದಿನಗಳನ್ನ ಎಣಿಸ್ತೈತೇನ್ರಿ?”

“ಖಣಿ ಯಾಕ ಎಣಿಸ್ತೈತಿ? ಎಣಿಸಾವ್ರು ನಾವು,” ಎಂದರು. ಅಂದ ಮೇಲೆ ಅವರಿಗೇ ಅದು ಕೇಳಿಸಿರಬೇಕು, ಪಕ್ಕದಲ್ಲಿದ್ದ ಪುಸ್ತಕ ಎಳೆದುಕೊಂಡರು.

“ಹಂಗಾದ್ರ ನೀವ ಬ್ಯಾರೆ ಎಣಿಸ್ರಿ.”

ಅವರು ಬಹಳ ಹೊತ್ತು ಪುಸ್ತಕದ ರಟ್ಟು ಸವರಿದರು. ಕೊನೆಗೆ, “ನನ್ನ ಕೈಲಿ ಬಾಳ ಆಗೂದಿಲ್ಲ. ನೂರಾ ಎಪ್ಪತ್ತನೇ ದಿನ ಬಾ. ಆದ್ರ ಮೂರ ಸಲ ಅಲ್ಲ, ಒಂದ ಸಲ. ಅವತ್ತ ಓ ಅನಲಿಲ್ಲ ಅಂದ್ರ ಆ ಸಾಲು ಖಾಲಿ. ಆಮ್ಯಾಲ ನನ್ನ ಮನಿಗೆ ಬರಬಾರದು,” ಎಂದರು.

“ಆಗಲ್ರಿ,” ಎಂದೆ. ಮೆಟ್ಟಿಲಿಳಿದು, ತಿರುಗಿ ನೋಡದೆ ನಡೆದೆ.

ರಜೆ ಮುಂದುವರಿಸಿಕೊಳ್ಳಲು ಬಸ್ ನಿಲ್ದಾಣಕ್ಕೆ ಹೋದಾಗ ಕೂಸಣ್ಣ ಸಿಕ್ಕ. ನಿಲ್ದಾಣದಲ್ಲಿ ಹುರಿದ ಶೇಂಗಾ ಮಾರುತ್ತಾನೆ. ವಯಸ್ಸು ನಲವತ್ಮೂರು. ದಿನಾ ನೋಡುತ್ತಿದ್ದ ಮನುಷ್ಯನೇ. ಅವನಿಗೆ ಯಾಕೆ ಆ ಹೆಸರು ಎಂದು ಎಲ್ಲರಿಗೂ ಗೊತ್ತು, ಗೊತ್ತಿರುವುದರಿಂದಲೇ ಯಾರೂ ಆ ಮಾತು ತೆಗೆಯುವುದಿಲ್ಲ. ಅವತ್ತು ಅವನೇ ತೆಗೆದ.

“ನೀಲವ್ವಾ, ಎರಡನೇ ಸಲ ಒಯ್ಯೂದಿಲ್ಲಂತ ಹೌದನ?”

“ಹೌದಪಾ. ಆಕಿ ತಯಾರಾದ ಮ್ಯಾಲ ಒಯ್ತೀನಿ.”

ಅವನು ಶೇಂಗಾದ ಪುಟ್ಟಿಯಲ್ಲಿ ಕೈಯಾಡಿಸಿದ. “ನಾನೂ ಮೊದಲ ಬಂದಾವನ ಅಂತ. ಹತ್ತಿಯೊಳಗ ಸುತ್ತಿ ಒಲಿ ಮುಂದ ಇಟ್ಟಿದ್ರಂತ. ನಮ್ಮವ್ವ ಮೂರ ಸಲ ಒಯ್ದಳು. ಆಮ್ಯಾಲ ಒಯ್ಯಲೇ ಇಲ್ಲ. ನಾ ಎಂಟ ತಿಂಗಳಿಗೆ ಆಕಿ ಮಾರಿ ನೋಡಿ ನಕ್ಕೆನಂತ. ಅಷ್ಟೊತ್ತಿಗೆ ಪುಸ್ತಕ ಮುಚ್ಚಿತ್ತು.”

“ಏನ ಹೆಸರ ಇಟ್ಟಿದ್ರು?”

“ಗೊತ್ತಿಲ್ಲ. ಕೇಳಿದಾಗೆಲ್ಲ ಅಳತಿದ್ಲು. ಕೇಳೂದು ಬಿಟ್ಟೆ. ಈಗ ಆಕಿನೂ ಇಲ್ಲ.” ಒಂದು ಪೊಟ್ಟಣ ಕಟ್ಟುತ್ತ, “ಹೆಸರ ಮುಖ್ಯ ಅಲ್ಲ ಬಿಡು. ಕರಿಯೂದ ಬಿಟ್ರಲ್ಲ, ಅದು,” ಎಂದ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಮರುದಿನ ಚನ್ನವೀರ ಗಿರಣಿಯ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ: ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಮಾತ್ರ. ಜನ ಗೊಣಗಿದರು, ಕೆಲವರು ಆಚೆ ಓಣಿಯ ಗಿರಣಿಗೆ ಹೋದರು. ಹನ್ನೊಂದಾದ ಮೇಲೆ ಅವನು ಸ್ನಾನ ಮಾಡಿ, ಉಗುರಿನ ಸಂದಿಯ ಹಿಟ್ಟನ್ನೆಲ್ಲ ತಿಕ್ಕಿ ತೆಗೆದು, ಅಂಗಿ ಬಿಚ್ಚಿ ಚಾಪೆಯ ಮೇಲೆ ಮಲಗುತ್ತಿದ್ದ. ನಾನು ಕೂಸನ್ನು ಅವನ ಎದೆಯ ಮೇಲೆ ಕವುಚಿ ಮಲಗಿಸುತ್ತಿದ್ದೆ. ಅಷ್ಟು ದೊಡ್ಡ ಗಂಡಸು ಎರಡು ತಾಸು ಮಿಸುಕದೆ ಬಿದ್ದಿರುತ್ತಿದ್ದ.

ನನಗೆ ಕಷ್ಟವಾಗಿದ್ದು ದನಿ. ಹದಿಮೂರು ವರ್ಷ ಇಡೀ ನಿಲ್ದಾಣಕ್ಕೆ ಕೇಳುವಂತೆ ಮಾತಾಡಿದವಳು ಒಂದು ಕೂಸಿಗೆ ಮಾತ್ರ ಕೇಳುವಂತೆ ಮಾತಾಡಲು ಕಲಿಯಬೇಕಾಯಿತು. ಸಿಸ್ಟರ್ ಹೇಳಿದ ಹಾಗೆ ಒಂದು ಸಲಕ್ಕೆ ಒಂದೇ. ದನಿ ಇದ್ದರೆ ಮುಖವಿಲ್ಲ: ಅವಳ ಬೆನ್ನ ಹಿಂದೆ ಕೂತು ಮೆಲ್ಲಗೆ ಗುನುಗುತ್ತಿದ್ದೆ. ಮುಖ ಇದ್ದರೆ ದನಿಯಿಲ್ಲ: ಒಂದು ಮೊಳ ದೂರದಲ್ಲಿ ಮುಖ ಹಿಡಿದು, ಆಡಿಸದೆ, ಕುಣಿಸದೆ, ಸುಮ್ಮನೆ ಕಾಯುತ್ತಿದ್ದೆ. ಅವಳು ಒಂದು ಕ್ಷಣ ನೋಡಿ ಆಚೆ ಹೊರಳಿದರೆ ಹಿಂಬಾಲಿಸುತ್ತಿರಲಿಲ್ಲ. ಮೊದಮೊದಲು ಆ ಹೊರಳುವಿಕೆ ನನ್ನ ಕೆನ್ನೆಗೆ ಹೊಡೆದಂತೆ ಆಗುತ್ತಿತ್ತು. ಆಮೇಲೆ ತಿಳಿಯಿತು, ಅವಳು ನನ್ನನ್ನು ಬಿಟ್ಟು ಹೋಗುತ್ತಿಲ್ಲ, ದಣಿವಾರಿಸಿಕೊಂಡು ಬರಲು ಹೋಗುತ್ತಿದ್ದಾಳೆ. ಬೆರಳು ಚಾಚಿದರೆ ನಿಲ್ಲಿಸುತ್ತಿದ್ದೆ. ಮುಷ್ಟಿ ಬಾಯಿಗೆ ಹೋದರೆ ಕಾಯುತ್ತಿದ್ದೆ. ಕಣ್ಣು ಅರಳಿ ಹುಬ್ಬು ಮೇಲೇರಿದರೆ ಮಾತ್ರ ಶುರು ಮಾಡುತ್ತಿದ್ದೆ. ಒಂದು ದಿನ ನೋಟ ಎರಡು ಉಸಿರಿನಷ್ಟು ನಿಂತಿತು, ಇನ್ನೊಂದು ದಿನ ಐದು. ಮರುದಿನ ಮತ್ತೆ ಏನೂ ಇಲ್ಲ.

ಅತ್ತೆಗೆ ಇದೆಲ್ಲ ಹಿಡಿಸಲಿಲ್ಲ. “ಕೂಸಿನ ಮುಂದ ಮೂಕರಂಗ ಕುಂತ್ರ ಅದೂ ಮೂಕ ಆಗತೈತಿ,” ಎನ್ನುತ್ತಿದ್ದರು. ನಾನು ಎದುರಾಡುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಅವರು ಕೂಸನ್ನು ಎತ್ತಿ ಕುಣಿಸಲು ಹೋದಾಗಲೆಲ್ಲ ನಡುವೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಅವರು ಮುನಿಸಿಕೊಂಡು, “ಆತವಾ, ನಿನ್ನ ಕೂಸನ್ನ ನಾ ನೋಡೂದೂ ಇಲ್ಲ,” ಎಂದು ಜೋಳದ ಮೊರ ಹಿಡಿದು ತೊಟ್ಟಿಲಿನ ಪಕ್ಕ ಕೂತು ಕಲ್ಲು ಆರಿಸತೊಡಗಿದರು. ಅವತ್ತಿನಿಂದ ಅದೇ ಅವರ ಜಾಗವಾಯಿತು. ಮಾತಿಲ್ಲ, ಕತೆಯಿಲ್ಲ, ಮೊರದೊಳಗೆ ಬೆರಳಾಡುವ ಸದ್ದು ಅಷ್ಟೇ.

ನೂರಾ ಇಪ್ಪತ್ಮೂರನೆಯ ದಿನ. ನಾನು ಅಡುಗೆಮನೆಯಲ್ಲಿ ಪಲ್ಯೆಗೆ ಒಗ್ಗರಣೆ ಹಾಕುತ್ತಿದ್ದೆ. “ನೀಲಾ,” ಎಂದು ಅತ್ತೆ ಕರೆದರು. ನಾನು ಆ ಮನೆಗೆ ಬಂದ ಮೇಲೆ ಅವರು ಪಿಸುಗುಟ್ಟಿದ್ದನ್ನು ಕೇಳಿದ್ದು ಅದೇ ಮೊದಲು. ಬಾಗಿಲಿಗೆ ಬಂದು ನೋಡಿದೆ. ಅತ್ತೆ ಮೊರದ ಮೇಲಿನಿಂದ ತಲೆ ಎತ್ತಿದವರು ಹಾಗೇ ಕೂತಿದ್ದರು. ತೊಟ್ಟಿಲಿನಲ್ಲಿ ಕೂಸು ಅವರ ಬೋಳು ಬಾಯಿಯನ್ನೂ ಸುಕ್ಕಿನ ಮುಖವನ್ನೂ ಓದುವಂತೆ ನೋಡುತ್ತಿತ್ತು. ಅದರ ತುಟಿಯ ಒಂದು ಮೂಲೆ ನಡುಗಿತು, ಆಮೇಲೆ ಇನ್ನೊಂದು ಮೂಲೆ. ಆಮೇಲೆ ಮುಖವಿಡೀ ಬಿರಿಯಿತು. ಅತ್ತೆಯ ಕಣ್ಣಿನಿಂದ ನೀರು ಮೊರದೊಳಗೆ ಬೀಳುತ್ತಿತ್ತು, ಆದರೆ ಅವರು ಸದ್ದು ಮಾಡಲಿಲ್ಲ, ಕೈ ಚಾಚಲಿಲ್ಲ, ಅಲುಗಲೂ ಇಲ್ಲ.

ನಿಜ ಹೇಳುತ್ತೇನೆ. ನಾನು ಅಡುಗೆಮನೆಗೆ ಹಿಂದಿರುಗಿ, ಸೀದುಹೋದ ಒಗ್ಗರಣೆಯ ಮುಂದೆ ನಿಂತು ಹೊಟ್ಟೆಕಿಚ್ಚಿನಿಂದ ಅತ್ತುಬಿಟ್ಟೆ. ಹೊತ್ತವಳು ನಾನು, ಎಣಿಸಿದವಳು ನಾನು, ಊರಿನ ಬಾಯಿಗೆ ಬಿದ್ದವಳು ನಾನು. ಮೊದಲ ನಗು ಹೋಗಿದ್ದು ಕಲ್ಲು ಆರಿಸುತ್ತ ಕೂತವರಿಗೆ! ಗಂಡ ಬಂದು ಹೆಗಲ ಮೇಲೆ ಕೈಯಿಟ್ಟಾಗ ಅದನ್ನು ಕೊಡವಿದೆ. ನನ್ನ ಪಾಲಿನ ನಗು ನಾಲ್ಕು ದಿನ ಬಿಟ್ಟು ಬಂತು, ಹಾಲು ಕುಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಬಾಯಿಯ ಮೂಲೆಯಿಂದ ಹಾಲು ಸುರಿಸುತ್ತ. ಅಷ್ಟೊತ್ತಿಗೆ ಅಳುವಷ್ಟು ಕಣ್ಣೀರು ಉಳಿದಿರಲಿಲ್ಲ, ನಾನೂ ನಕ್ಕೆ.

ನೂರಾ ಎಪ್ಪತ್ತನೆಯ ದಿನ ಯಾರನ್ನೂ ಕರೆಯಲಿಲ್ಲ. ನಾವು ಮೂವರು, ಕೂಸು, ದವಾಖಾನೆಯ ಪಾಳಿ ಮುಗಿಸಿ ಬಂದ ಹಫೀಜಾ ಸಿಸ್ಟರ್, ಕರೆಯದಿದ್ದರೂ ಶೇಂಗಾದ ಪುಟ್ಟಿ ಹೊತ್ತು ಬಂದ ಕೂಸಣ್ಣ. ಬೆಳಿಗ್ಗೆ ಹತ್ತರ ಬಿಸಿಲು. ಪಾರಿಸಪ್ಪ ಗಂಟಲು ಸರಿಮಾಡಿಕೊಂಡರು.

“ಕಾಕಾರ, ನಾ ಕರೀತೀನಿ,” ಎಂದೆ.

“ಕರಿಯೂದು ಕೇಳುಗಾರನ ಕೆಲಸ.”

“ನೀವು ಕೇಳ್ರಿ. ಹೆಸರ ಹೇಳ್ತೈತ್ಯಲ್ಲ, ಕೇಳುಗಾರ ಅಂತ.”

ಅವರು ಅತ್ತೆಯ ಮುಖ ನೋಡಿದರು. ಅತ್ತೆ, “ಆಕಿ ಕರೀಲಿ ಬಿಡ್ರಿ ಪಾರಿಸಪ್ಪನಾರ,” ಎಂದರು, ಅದೂ ಮೆಲ್ಲಗೆ.

ಕೂಸನ್ನು ನನ್ನ ಕಡೆಗೆ ತಿರುಗಿಸಿ ಎತ್ತಿಕೊಂಡೆ. ಬಿಸಿಲಿಗೆ ಸೆರಗು ಮರೆ ಮಾಡಿದೆ. ಅವಳ ಉಸಿರು ಸಮವಾಗುವವರೆಗೆ ಕಾದೆ, ಬೆರಳು ನೋಡಿದೆ, ಮಡಚಿದ್ದವು. “ತುಂಗಾ,” ಎಂದೆ. ಪಕ್ಕದಲ್ಲಿ ನಿಂತವರಿಗೂ ಸರಿಯಾಗಿ ಕೇಳಿಸಿರಲಾರದು. ಪಾರಿಸಪ್ಪ ತಲೆಯಾಡಿಸಿ, “ಖಣಿಗೆ ಕೇಳಬೇಕಲ್ಲವಾ...” ಎಂದು ಶುರು ಮಾಡಿದರು. ಅಷ್ಟರಲ್ಲಿ ಅವಳು ಕಣ್ಣೆತ್ತಿ ನನ್ನನ್ನು ನೋಡಿದಳು. ಹುಬ್ಬು ಮೇಲೇರಿದವು. ನಾನು ಕಾದೆ. ಅವಳು ತಡೆದಳು, ಖಣಿಯೂ ತಡೆಯಿತು. ಅವಳ ತುಟಿ ಬಿರಿದಾಗ ಕೆಳಗಿನಿಂದ, ಒಳಮನೆಯಲ್ಲಿ ಏನೋ ಕೆಲಸದಲ್ಲಿದ್ದವರು ಅಲ್ಲಿಂದಲೇ ಅಂದಂತೆ, ಸಣ್ಣದಾಗಿ ಕೇಳಿತು: “ಓ.”

ಚನ್ನವೀರ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಪಾರಿಸಪ್ಪ ಬರೆಯಲು ಹೋದರು, ಪೆನ್ನು ಮೂಡಲಿಲ್ಲ, ಝಾಡಿಸಿ ಮತ್ತೆ ಬರೆದರು. ನನಗೆ ಅದನ್ನು ನೋಡುವ ವ್ಯವಧಾನವಿರಲಿಲ್ಲ. ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಅವರು ಆಚೆ ಹುಣಸೆಮರದ ನೆರಳಿಗೆ ಹೋಗುವವರೆಗೆ ಕಾದು, ಖಣಿಯ ಅಂಚಿಗೆ ಬಂದೆ. ಯಾರನ್ನೂ ಕೇಳಲಿಲ್ಲ. ನಿಲ್ದಾಣದ ಕೊನೆಯ ಬಸ್ಸಿಗೂ ಕೇಳಿಸುವಂಥ ನನ್ನ ಪೂರ್ತಿ ದನಿಯಲ್ಲಿ ಕೂಗಿದೆ: “ಕೂಸಣ್ಣಾ!”

ನಲವತ್ಮೂರು ವರ್ಷದಲ್ಲಿ ಆ ಹೆಸರನ್ನು ಅಲ್ಲಿ ನಿಂತು ಯಾರೂ ಕೂಗಿರಲಿಲ್ಲ. ಅದು ಹೆಸರೆಂದೇ ಯಾರಿಗೂ ಅನ್ನಿಸಿರಲಿಲ್ಲ. ಖಣಿ ತಡಮಾಡಲಿಲ್ಲ. “ಓ” ಎಂದಿತು, ನಡುವಯಸ್ಸಿನ ಗಂಡಸಿನ ದನಿಯಲ್ಲಿ, ಇಷ್ಟು ದಿನ ಯಾಕೆ ಕರೆಯಲಿಲ್ಲ ಅನ್ನುವ ಹಾಗೆ. ನನ್ನ ಪಕ್ಕದಲ್ಲಿ ಕೂಸಣ್ಣನೂ ಅದೇ ಹೊತ್ತಿಗೆ ಅಭ್ಯಾಸಬಲದಿಂದ “ಓ” ಅಂದುಬಿಟ್ಟಿದ್ದ. ಅಂದವನು ಬಾಯಿ ಮುಚ್ಚಿಕೊಂಡು ನಿಂತ. ಪಾರಿಸಪ್ಪ ಅವತ್ತೇ ಮನೆಗೆ ಹೋಗಿ ತಮ್ಮ ತಂದೆಯ ಕಾಲದ ಪುಸ್ತಕ ತೆಗೆದು, ಖಾಲಿ ಬಿಟ್ಟಿದ್ದ ಸಾಲು ತುಂಬಿಸಿದರಂತೆ. ಎರಡು ತಿಂಗಳ ಮೇಲೆ, ಎಂಟನೆಯ ತಿಂಗಳಲ್ಲಿ ಹುಟ್ಟಿದ ಕೂಸೊಂದರ ಅಪ್ಪ ಬಂದಾಗ, “ಹುಟ್ಟಬೇಕಾದ ದಿನ ಯಾವುದು?” ಎಂದು ಅವರೇ ಮೊದಲು ಕೇಳಿದರೆಂದೂ ತಿಳಿಯಿತು.

ಊರಿಗೆ ಅಲ್ಲಿಗೆ ವಿಷಯ ಮುಗಿಯಿತು. ನನಗೆ ಮುಗಿಯಲಿಲ್ಲ. ತುಂಗಾ ನಗುತ್ತಿದ್ದಳು, ಕೇಕೆ ಹಾಕುತ್ತಿದ್ದಳು, ಕೂತುಕೊಳ್ಳಲೂ ಕಲಿತಳು. ನಾನು ಕೆಲಸಕ್ಕೆ ಮರಳಿದೆ. ಅತ್ತೆ ದಿನಾ ಮಧ್ಯಾಹ್ನ ಅವಳನ್ನು ಹಾಲಿಗೆಂದು ನಿಲ್ದಾಣಕ್ಕೆ ಕರೆತಂದು, ಕುಡಿಸಿದ ಮೇಲೆ ಕರೆದೊಯ್ಯುತ್ತಿದ್ದರು. ಅವಳು ಯಾರ ಕಂಕುಳಿಗೂ ಹೋಗುತ್ತಿದ್ದಳು. ಕಂಡಕ್ಟರು ಎತ್ತಿದರೂ ಸರಿ, ಬಸ್ಸಿಗೆ ಕಾಯುವ ಅಪರಿಚಿತ ಹೆಂಗಸು ಎತ್ತಿದರೂ ಸರಿ. “ಎಷ್ಟ ಶಾಣ್ಯಾ ಕೂಸು, ಹಟಾನ ಇಲ್ಲ,” ಎಂದು ಎಲ್ಲರೂ ಹೊಗಳುತ್ತಿದ್ದರು. ಒಂದು ದಿನ ಬಸ್ಸಿಗೆ ಬಂದ ಹಫೀಜಾ ಸಿಸ್ಟರ್ ಇದನ್ನು ನೋಡುತ್ತ ನಿಂತರು.

“ನೀ ಬಿಟ್ಟು ಹ್ವಾದ್ರ ಅಳತಾಳ?” ಎಂದು ಕೇಳಿದರು.

“ಇಲ್ರಿ. ಒಂದ ದಿನಾನೂ ಇಲ್ಲ.”

ಅವರು ಕೈಚೀಲವನ್ನು ಬೆಂಚಿನ ಮೇಲಿಟ್ಟರು. “ಹಿಂಗ ಇರತಾವು ಕೆಲವು. ಅಲ್ಲಿ ಐವತ್ತೆಂಟ ದಿನ ದಿನಕ್ಕ ಮೂರ ಪಾಳಿ, ಪಾಳಿಗೊಂದ ಕೈ. ಬಂದ ಕೈ ಹೋಗೂದ ಅಂತ ತಿಳಿದಿರತಾವೋ ಏನೋ. ಗಾಬರಿ ಆಗಬ್ಯಾಡ. ಹೋಗುವಾಗ ಕದ್ದ ಹೋಗಬ್ಯಾಡ. ಹೇಳಿ ಹೋಗು, ಹೇಳಿದ ಹೊತ್ತಿಗೆ ಬಾ. ದಿನಾ.”

ಅಂದಿನಿಂದ ಹಾಗೇ ಮಾಡಿದೆ. ಬೆಳಿಗ್ಗೆ ಹೊರಡುವಾಗ ಅವಳ ಮುಂದೆ ಕೂತು, ಮುಖ ನೋಡಿ, “ತುಂಗಾ, ಅವ್ವ ಹೋಗಿ ಬರ್ತಾಳ,” ಎನ್ನುತ್ತಿದ್ದೆ. ಅವಳು ತನ್ನ ಚಮಚ ನೋಡುತ್ತಿದ್ದಳು. ಬಂದಾಗ ಮತ್ತೆ ಮುಂದೆ ಕೂತು, “ಅವ್ವ ಬಂದಳು,” ಎನ್ನುತ್ತಿದ್ದೆ. ಬಸ್ಸು ತಡವಾದರೂ ನಾನು ತಡಮಾಡಲಿಲ್ಲ. ಒಂದು ತಿಂಗಳು ಹೋಯಿತು, ಏನೂ ಆಗಲಿಲ್ಲ. ಎರಡನೆಯ ತಿಂಗಳೂ ಹೋಯಿತು. ಮನಸ್ಸು ಕುಸಿದ ದಿನವೂ ಹೇಳಿ ಹೋಗುವುದನ್ನು ಬಿಡಲಿಲ್ಲ.

ಅವಳಿಗೆ ಹನ್ನೆರಡು ತಿಂಗಳು, ಸಿಸ್ಟರ್ ಲೆಕ್ಕದಲ್ಲಿ ಹತ್ತಕ್ಕೆ ಹತ್ತು ದಿನ ಕಡಿಮೆ. ಮಧ್ಯಾಹ್ನ ಹಾಲು ಕುಡಿಸಿ, ಎಂದಿನಂತೆ ಅವಳನ್ನು ಅತ್ತೆಯ ಕಂಕುಳಿಗೆ ದಾಟಿಸಿದೆ. “ತುಂಗಾ, ಅವ್ವ ಸಂಜೀಕ ಬರ್ತಾಳ,” ಎಂದು ಕೋಣೆಯ ಕಡೆ ತಿರುಗಿದೆ. ಎರಡು ಹೆಜ್ಜೆ ಇಟ್ಟಿರಬಹುದು. ಹಿಂದಿನಿಂದ ಒಂದು ಕೂಗು ಬಂತು. ಹಸಿವಿನ ಅಳು ನನಗೆ ಗೊತ್ತಿತ್ತು, ನಿದ್ದೆಯ ಅಳು ಗೊತ್ತಿತ್ತು. ಇದು ಅವೆರಡೂ ಅಲ್ಲ. ತಿರುಗಿದರೆ ಅವಳು ಅತ್ತೆಯ ಹೆಗಲಿನಿಂದ ಅರ್ಧ ಹೊರಗೆ ಜೋತು, ಎರಡೂ ಕೈ ನನ್ನ ಕಡೆ ಚಾಚಿ, ಮುಖ ಕೆಂಪಗೆ ಮಾಡಿಕೊಂಡು ಅರಚುತ್ತಿದ್ದಳು. ಅತ್ತೆ ಸಮಾಧಾನ ಮಾಡಲು ಹೋದರೆ ಅವರನ್ನೇ ತಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಹೆಂಗಸು ಬಳೆ ಸದ್ದು ಮಾಡಿ ಕರೆದಳು, ಅವಳ ಕಡೆ ನೋಡಲೂ ಇಲ್ಲ. ಕಣ್ಣು ನನ್ನ ಮೇಲೇ ಇತ್ತು.

ಓಡಿಹೋಗಿ ಎತ್ತಿಕೊಂಡೆ. ಅವಳು ನನ್ನ ಕುಪ್ಪಸದ ಕೊರಳನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಕುತ್ತಿಗೆಯೊಳಗೆ ಮೂಗು ಒತ್ತಿ ಬಿಕ್ಕಿದಳು. ಎರಡೂವರೆಯ ಬಸ್ಸು ಕರೆಯುವ ಹೊತ್ತಾಗಿತ್ತು. ಡ್ರೈವರು ಹಾರ್ನು ಹೊಡೆದ. ಜನ ಸುತ್ತ ಸೇರಿದರು.

“ಪಾಪ, ಏನಾತವಾ ಕೂಸಿಗೆ? ಹೊಟ್ಟಿ ನೂಸಾಕತ್ತೈತೇನ? ಯಾಕ ಅಳಾಕತ್ತಾಳ?” ಎಂದು ಒಬ್ಬ ಅಜ್ಜಿ ಕೇಳಿದಳು.

“ನಾ ಬೇಕಂತ್ರೀ,” ಎಂದೆ. ಅಜ್ಜಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. “ಆಕಿಗೆ ನಾನ ಬೇಕಂತ.”